ನಿಲ್ಲದೆ ಹೋಗುವ ತಿರುವು

ರಸ್ತೆಯ ಮೇಲೆ ನೀರು ನಿಂತದ್ದನ್ನು ಕಂಡು ಸುಮ್ಮನೆ ಮುಂದೆ ಹೋದವರಲ್ಲ ಅವರು. ಚಪ್ಪಲಿ ಪಕ್ಕಕ್ಕಿಟ್ಟು, ಪ್ಯಾಂಟು ಮಡಿಸಿ, ಹಿಮ್ಮಡಿಯಿಂದ ಅಂಚಿನ ಮಣ್ಣಿನಲ್ಲಿ ಒಂದು ಗೀರು ಎಳೆಯುವರು. ನೀರು ಆ ಗೀರು ಹಿಡಿದು ಚರಂಡಿಗೆ ಇಳಿಯುವ ತನಕ ನಿಂತು ನೋಡುವರು. ಆಮೇಲೆ ನನ್ನ ಕಡೆ ತಿರುಗಿ, "ರಸ್ತೆ ಅಂದ್ರೆ ಕಲ್ಲಿನ ಕೆಲಸ ಅಂದ್ಕೊಂಡಿದೀರಾ ಟ್ರೇಸರ್ರೇ? ನೀರಿನ ಕೆಲಸ ಕಣ್ರೀ. ನೀರಿಗೆ ದಾರಿ ಕೊಟ್ರೆ ರಸ್ತೆ ತಾನೇ ಉಳ್ಕೊಳ್ಳುತ್ತೆ" ಅನ್ನುವರು. ಇದನ್ನು ನಾನು ಕಡಿಮೆಯೆಂದರೂ ಐವತ್ತು ಸಲ ಕೇಳಿರಬೇಕು.

ಅವರ ಹೆಸರು ಬರೆಯುವುದಿಲ್ಲ. ಅವರ ತಂಗಿ ಇನ್ನೂ ಇದ್ದಾರೆ. ಸತ್ತವರ ಹೆಸರು ಮತ್ತೆ ನಾಲ್ಕು ಜನರ ಬಾಯಿಗೆ ಬೀಳುವುದು ಆಕೆಗೆ ಬೇಡ. ಚಿಂತಾಮಣಿಯ ನಮ್ಮ ಕಚೇರಿಯಲ್ಲಿ ಅವರು ಓವರ್ಸಿಯರ್. ರಸ್ತೆ ಎಲ್ಲಿ ಹೇಗಿರಬೇಕೆಂದು ಅಳೆದು, ಬರೆದು, ಮಾಡಿಸುವ ಕೆಲಸ. ನಾನು ಟ್ರೇಸರ್. ಅವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ, ಇಂಡಿಯನ್ ಇಂಕಿನಲ್ಲಿ ಗೆರೆ ಎಳೆದು ಅಚ್ಚುಕಟ್ಟು ಮಾಡುವವನು. ಹೊಸ ಮೈಸೂರು ರಾಜ್ಯ ಆದ ಹೊಸತರಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಅಲ್ಲಿಗೆ ಬಂದೆವು.

ಅವರದು ಕೆಂಚಾರ್ಲಹಳ್ಳಿಯ ಕಡೆಯ ಒಂದು ಕೇರಿ. ತಾಯಿತಂದೆ ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಜಲ್ಲಿ ಒಡೆದವರು. ಊರ ದೊಡ್ಡ ಮನೆಯವರ ಕಮಾನು ಗಾಡಿ ಬಂದರೆ ಅಪ್ಪ ತಾನೇ ಒಡೆದು ಹಾಕಿದ ರಸ್ತೆಯಿಂದ ಕೆಳಗಿಳಿದು, ಗಾಡಿ ಹೋಗುವ ತನಕ ಕಳ್ಳಿ ಬೇಲಿಯ ಪಕ್ಕ ನಿಲ್ಲಬೇಕಾಗಿತ್ತಂತೆ. ಇದನ್ನು ಅವರು ನಗುತ್ತಾ ಹೇಳುತ್ತಿದ್ದರು. ಕಚೇರಿಯಲ್ಲಿ ಹೂಜಿಯ ನೀರನ್ನು ಜವಾನ ನಮಗೆಲ್ಲ ಲೋಟದಲ್ಲಿ ಕೊಡುತ್ತಿದ್ದ, ಅವರ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದ. ಕಾನೂನು ಬಂದು ವರ್ಷಗಳಾಗಿದ್ದವು. ನಾವು ಯಾರೂ ಏನೂ ಅನ್ನಲಿಲ್ಲ. ಒಂದು ದಿನ ಅವರೇ ಮನೆಯಿಂದ ಸೀಸೆಯಲ್ಲಿ ನೀರು ತರತೊಡಗಿದರು.

ಒಂದು ಬೇಸಗೆ. ಅಮೆರಿಕಕ್ಕೆ ಹೋಗಿ ಬಂದ ದೊಡ್ಡ ಇಂಜಿನಿಯರೊಬ್ಬರು ಬೆಂಗಳೂರಿನಿಂದ ತಪಾಸಣೆಗೆ ಬಂದವರು ಕಚೇರಿಯಲ್ಲಿ ಒಂದು ಪತ್ರಿಕೆ ಬಿಟ್ಟು ಹೋದರು. ಅದರಲ್ಲಿ ವಿಮಾನದಿಂದ ತೆಗೆದ ಒಂದು ಚಿತ್ರವಿತ್ತು. ಎರಡು ಅಗಲವಾದ ರಸ್ತೆಗಳು, ಒಂದರ ಮೇಲೊಂದು ಹಾದು ಹೋಗುತ್ತಿವೆ. ಆ ಎರಡನ್ನೂ ಕೂಡಿಸುವ ನಾಲ್ಕು ಸುತ್ತು ರಸ್ತೆಗಳು, ನಾಲ್ಕು ಎಸಳಿನ ಹೂವಿನ ಹಾಗೆ. ನನಗೆ ಅದು ರಂಗೋಲಿಯಂತೆ ಕಂಡಿತು. ಅವರು ಮಾತ್ರ ಊಟದ ಹೊತ್ತು ಮೀರಿದರೂ ಅದರ ಮೇಲಿಂದ ಕಣ್ಣು ಎತ್ತಲಿಲ್ಲ.

"ಇಲ್ಲಿ ಬನ್ರೀ" ಎಂದು ನನ್ನನ್ನು ಕರೆದು, ಎರಡು ಅಳತೆಪಟ್ಟಿಗಳನ್ನು ಅಡ್ಡಡ್ಡ ಇಟ್ಟು, ಬೆಂಕಿಪೊಟ್ಟಣವನ್ನು ಕಾರಿನಂತೆ ಓಡಿಸಿ ತೋರಿಸಿದರು. "ಅಲ್ಲಿ ಬಲಗಡೆ ಓಡಿಸ್ತಾರೆ. ಇವನು ಎಡಕ್ಕೆ ಹೋಗ್ಬೇಕು ಅಂತಿಟ್ಕೊಳ್ಳಿ. ನಮ್ಮಲ್ಲಾದ್ರೆ ನಿಲ್ಲಿಸ್ಬೇಕು, ಎದುರಿಂದ ಬರೋರಿಗೆ ಕಾಯ್ಬೇಕು. ಇಲ್ಲಿ ಹಂಗಿಲ್ಲ. ಸೇತುವೆ ದಾಟಿ, ಬಲಕ್ಕೆ ಹಿಂಗೆ ಒಂದು ಸುತ್ತು ಬಂದ, ಇನ್ನೊಂದು ರಸ್ತೆಗೆ ಸೇರ್ಕೊಂಡ. ಬ್ರೇಕ್ ಮೇಲೆ ಕಾಲೇ ಇಡಲಿಲ್ಲ."

"ಅಷ್ಟು ಅವಸರ ಏನಂತೆ ಸಾರ್ ಅವರಿಗೆ?" ಅಂದೆ.

"ಅವಸರ ಅಲ್ಲ ಕಣ್ರೀ." ಬೆಂಕಿಪೊಟ್ಟಣವನ್ನು ಹಾಗೇ ಹಿಡಿದಿದ್ದರು. "ಯಾರೂ ಯಾರಿಗೂ ನಿಲ್ಲು ಅನ್ನಲ್ಲ ನೋಡಿ. ಯಾರೂ ಯಾರಿಗೋಸ್ಕರನೂ ಕೆಳಗಿಳಿದು ನಿಂತ್ಕೋಬೇಕಾಗಿಲ್ಲ."

ಆ ಹಾಳೆಯನ್ನು ಅವರು ಕತ್ತರಿಸಿ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು.

ಚಿಂತಾಮಣಿಯಿಂದ ಕೆಲವು ಮೈಲಿ ಆಚೆ ಹುಣಸೆಮರದ ಕ್ರಾಸು ಅಂತ ಒಂದು ಜಾಗ. ಆಂಧ್ರದ ಗಡಿಯ ಕಡೆಯಿಂದ ಬರುವ ರಸ್ತೆಯೂ ಶಿಡ್ಲಘಟ್ಟದ ಕಡೆಗೆ ಹೋಗುವ ರಸ್ತೆಯೂ ಅಲ್ಲಿ ಮೊಣಕೈ ಮಡಿಸಿದಂತೆ ಕೂಡುತ್ತಿದ್ದವು. ಕಡಲೆಕಾಯಿ ಹೇರಿಕೊಂಡ ಲಾರಿಗಳು ಮರದ ಬುಡದಲ್ಲಿ ನಿಂತು, ಹಿಂದೆ ಮುಂದೆ ಮಾಡಿಕೊಂಡು ತಿರುಗಬೇಕು. ಸಂತೆಯ ದಿನ ಹತ್ತು ಗಾಡಿ, ನಾಲ್ಕು ಲಾರಿ, ಎರಡು ಬಸ್ಸು ಅಲ್ಲಿ ಸಿಕ್ಕಿಕೊಂಡು ಬೈದಾಟ ನಡೆಯುತ್ತಿತ್ತು. ಇದನ್ನು ಸರಿಮಾಡಬೇಕೆಂದು ಅರ್ಜಿಗಳು ಬಂದಿದ್ದವು. ಸೇತುವೆ, ನಾಲ್ಕು ಎಸಳು ಎಲ್ಲ ನಮ್ಮ ಇಲಾಖೆಯಲ್ಲಿ ಕನಸಿನ ಮಾತು. ಅಲ್ಲಿ ತನ್ನ ಕೈಲಾದ ಒಂದೇ ಒಂದು ಎಸಳನ್ನು ಮಾಡುತ್ತೇನೆಂದು ಅವರು ಹೊರಟರು.

ಮರ ಕಡಿದು, ಎರಡು ರಸ್ತೆಗಳನ್ನೂ ಕೂಡಿಸುವ ಒಂದು ಅಗಲವಾದ ತಿರುವು. ಹೊರಗಿನ ಅಂಚು ಎತ್ತರ, ಒಳಗಿನದು ತಗ್ಗು. ಹಾಗೆ ಓರೆ ಮಾಡಿದರೆ ಗಾಡಿ ಎಷ್ಟು ಜೋರಾಗಿ ತಿರುಗಿದರೂ ಹೊರಕ್ಕೆ ಎಸೆಯುವುದಿಲ್ಲ. ಆ ತಿರುವಿನ ಲೆಕ್ಕವನ್ನು ಅವರು ಮೂರು ತಿಂಗಳು ಹಾಕಿದರು. ಬಿಸಿಲಿನಲ್ಲಿ ಸರಪಳಿ ಹಿಡಿದು ತಾವೇ ಅಳೆದರು. ಅಷ್ಟು ಸಂತೋಷವಾಗಿ ಕೆಲಸ ಮಾಡಿದ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ.

ನಾನು ಹೇಳಬೇಕಾದ ಮಾತು ಇಲ್ಲಿಂದ ಶುರುವಾಗುತ್ತದೆ.

ಆ ಕ್ರಾಸಿನಲ್ಲಿ ಮೂರನೆಯ ದಾರಿಯೊಂದಿತ್ತು. ಮುರುಗಮಲ್ಲದ ದರ್ಗಾಕ್ಕೆ ಹೋಗುವ ಜಟಕಾಗಳು, ನಡೆದು ಹೋಗುವ ಜನ, ಸುತ್ತಿನ ಹಳ್ಳಿಯ ಗಾಡಿಗಳು ಹೊಲಗಳ ನಡುವಿನ ಒಂದು ಗಾಡಿಜಾಡು ಹಿಡಿದು ಬಂದು ಅಲ್ಲಿ ರಸ್ತೆ ದಾಟುತ್ತಿದ್ದವು. ಹಳೆಯ ಸರ್ವೆ ನಕ್ಷೆಯಲ್ಲಿ ಅದು ಚುಕ್ಕಿಚುಕ್ಕಿಯ ಜೋಡಿಗೆರೆಯಾಗಿತ್ತು. ನಾನು ಅವರ ನಕ್ಷೆಯನ್ನು ಬಟ್ಟೆಗೆ ಇಳಿಸುವಾಗ, "ಸಾರ್, ಈ ಗಾಡಿಜಾಡು ತಿರುವಿಗೆ ಅಡ್ಡ ಬರುತ್ತೆ, ಹಾಕಲಾ?" ಅಂತ ಕೇಳಿದೆ.

ಅವರು ತಲೆ ಎತ್ತದೆ ಹೇಳಿದರು. "ಬಿಡ್ರೀ. ಗೆರೆ ಜಾಸ್ತಿ ಆದ್ರೆ ತಿರುವು ಕಣ್ಣಿಗೆ ಬೀಳಲ್ಲ."

ನಾನು ಬಿಟ್ಟೆ.

ಕೆಲಸ ಮುಗಿದಾಗ ನಮ್ಮ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಆ ತಿರುವಿನಲ್ಲಿ ನಲವತ್ತು ಮೈಲಿ ವೇಗದಲ್ಲಿ ಹೋದರು. ಮೊಣಕಾಲ ಮೇಲೆ ಇಟ್ಟ ಟೋಪಿ ಕೂಡ ಜರುಗಲಿಲ್ಲ. "ಭೇಷ್ ಕಣಯ್ಯಾ" ಅಂದರು. ಓವರ್ಸಿಯರು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಲಾರಿ ಡ್ರೈವರುಗಳು ಆ ಜಾಗವನ್ನು ಉಯ್ಯಾಲೆ ಅನ್ನತೊಡಗಿದರು.

ಆದರೆ ಹೊರಗಿನ ಅಂಚು ಎತ್ತರವಾಯಿತಲ್ಲ, ಗಾಡಿಜಾಡಿನಲ್ಲಿ ಬರುವವರು ಈಗ ಆಳೆತ್ತರದ ಏರಿ ಹತ್ತಿ ರಸ್ತೆಗೆ ಬರಬೇಕಾಯಿತು. ಹತ್ತುವ ತನಕ ಅವರಿಗೆ ಲಾರಿ ಕಾಣುವುದಿಲ್ಲ, ಲಾರಿಗೆ ಅವರು ಕಾಣುವುದಿಲ್ಲ. ರಸ್ತೆ ಕೂಲಿಗಳ ಮೇಸ್ತ್ರಿ, ತೆಲುಗು ಮಾತಿನ ಮುದುಕ, ಒಂದು ದಿನ ಬಂದು ಹೇಳಿದ. "ಸಾಮೀ, ಎತ್ತು ಅಲ್ಲಿ ಮುಗ್ಗರಿಸ್ತವೆ. ಕೊಂಚ ಚೂಡಂಡಿ." ನೋಡೋಣ ಅಂದರು ಓವರ್ಸಿಯರು. ಶಿಡ್ಲಘಟ್ಟದ ಕಡೆ ಬೇರೆ ಕೆಲಸವಿತ್ತು, ನೋಡಲಾಗಲಿಲ್ಲ.

ಮಳೆ ನಿಂತ ಮೇಲೆ, ಒಂದು ಬೆಳಿಗ್ಗೆ ಒಂಬತ್ತು ಗಂಟೆಯ ಹೊತ್ತು, ಒಳ್ಳೆಯ ಬಿಸಿಲು. ಚಿಂತಾಮಣಿಯ ಒಬ್ಬ ಜಟಕಾ ಸಾಬರು ಒಂದು ಕುಟುಂಬವನ್ನು ದರ್ಗಾಕ್ಕೆ ಕರೆದುಕೊಂಡು ಹೊರಟಿದ್ದರು. ಗಂಡ, ಹೆಂಡತಿ, ಗಂಡನ ತಾಯಿ. ಕುದುರೆ ಏರಿಯನ್ನು ಅರ್ಧ ಹತ್ತಿ, ರಸ್ತೆಗೆ ಮುಂಗಾಲಿಟ್ಟು, ಹೊಸ ಡಾಂಬರಿನ ಮೇಲೆ ಜಾರಿ ನಿಂತುಬಿಟ್ಟಿತು. ಲಾರಿ ಬಂತು. ಆ ತಿರುವಿನಲ್ಲಿ ಬ್ರೇಕ್ ಹಿಡಿಯುವ ಅಭ್ಯಾಸವೇ ಯಾರಿಗೂ ಉಳಿದಿರಲಿಲ್ಲ. ನಾಲ್ವರೂ ಹೋದರು.

ನಾವು ಹೋಗುವ ಹೊತ್ತಿಗೆ ಶವಗಳನ್ನು ರಸ್ತೆಯ ಬದಿಗೆ ಮಲಗಿಸಿ ಜಟಕಾದ ಪರದೆಯನ್ನೇ ಹೊದಿಸಿದ್ದರು. ಕುದುರೆ ಇನ್ನೂ ಸತ್ತಿರಲಿಲ್ಲ. ಓವರ್ಸಿಯರು ರಸ್ತೆಯ ಅಂಚಿನಲ್ಲಿ ಕೂತು, ಏರಿಯ ಮಣ್ಣಿನಲ್ಲಿ ಹಿಂಗಾಲ ಗೊರಸು ಜಾರಿದ ಗುರುತನ್ನು ನೋಡುತ್ತಿದ್ದರು. ಬೆರಳಿಟ್ಟು ಅದನ್ನು ಅಳೆದರು. ಆಮೇಲೆ ನನ್ನನ್ನು ನೋಡಿ, "ಆ ಗೆರೆ ಹಾಕಲಾ ಅಂತ ಕೇಳಿದ್ರಿ ನೀವು" ಅಂದರು.

ಲಾರಿಯವನ ಮೇಲೆ ಕೇಸಾಯಿತು. ಜಟಕಾದವನೂ ಎಚ್ಚರ ತಪ್ಪಿದ್ದ ಅಂತ ಬರೆದರು. ತಿರುವಿನ ಮಾತು ಯಾರೂ ಎತ್ತಲಿಲ್ಲ. ಒಂದು ವಾರ ಓವರ್ಸಿಯರು ಕಚೇರಿಗೆ ಬಂದರು, ಕೂತರು, ಹೋದರು. ಎಂಟನೆಯ ದಿನ, ಬುಧವಾರ, "ಬರ್ತೀರಾ ನನ್ ಜೊತೆ?" ಅಂತ ಕೇಳಿದರು. ಎಲ್ಲಿಗೆ ಅಂತ ಹೇಳಲಿಲ್ಲ. ಜಟಕಾ ಸಾಬರ ಮನೆಗೆ ಹೋದೆವು.

ಸಾಬರ ಹೆಂಡತಿ ಬಾಗಿಲ ಒಳಗೆ, ಗೋಣಿ ಪರದೆಯ ಹಿಂದೆ ಕೂತಿದ್ದರು. ದನಿ ಮಾತ್ರ ಕೇಳಿಸುತ್ತಿತ್ತು. ಇವರು ಹೊರಗೆ ನಿಂತೇ ಹೇಳಿದರು. "ಅಮ್ಮಾ, ಆ ರಸ್ತೆ ಮಾಡಿದೋನು ನಾನು. ಅಲ್ಲಿ ಜನ ದಾಟ್ತಾರೆ ಅನ್ನೋದು ನಂಗೆ ಗೊತ್ತಿತ್ತು. ನಕ್ಷೆ ಚೆನ್ನಾಗಿ ಕಾಣ್ಲಿ ಅಂತ ಬಿಟ್ಟೆ."

"ಎಲ್ಲಾರೂ ಬಂದು ಅಲ್ಲಾನ ಮರ್ಜಿ ಅಂದ್ರು" ಅಂದಿತು ದನಿ. "ನೀವೊಬ್ರು ನಂದು ಅಂತೀರಿ. ಮಾಫಿ ಕೇಳಕ್ಕೆ ಬಂದ್ರಾ?"

ಇವರು ತಲೆ ತಗ್ಗಿಸಿದರು.

"ಅದು ನನ್ನತ್ರ ಇಲ್ಲ ಸ್ವಾಮಿ. ನಾಳೆ ಜುಮ್ಮೇರಾತ್. ನಾಳೆನೂ ಜನ ಮುರುಗಮಲ್ಲಕ್ಕೆ ಹೋಗ್ತಾರೆ. ಅದೇ ರಸ್ತೆ. ನೀವು ಇಲ್ಲಿ ಯಾಕೆ ನಿಂತಿದೀರಿ?"

ಮರುದಿನ ಗುರುವಾರ ಬೆಳಿಗ್ಗೆ ಓವರ್ಸಿಯರು ಗ್ಯಾಂಗಿನವರನ್ನು ಕ್ರಾಸಿಗೆ ಕರೆಸಿದರು. ಒಂದು ಹಾಳೆಯಲ್ಲಿ, ಈ ತಿರುವನ್ನು ಅಗೆಯಲು ನಾನೇ ಹುಕುಂ ಮಾಡಿದ್ದೇನೆ, ಕೂಲಿಗಳ ತಪ್ಪಿಲ್ಲ ಎಂದು ಬರೆದು ರುಜು ಹಾಕಿ ಮೇಸ್ತ್ರಿಯ ಕೈಗೆ ಕೊಟ್ಟರು. ಮೊದಲ ಗುದ್ದಲಿ ಏಟು ತಾವೇ ಹಾಕಿದರು. ತಿರುವಿನ ಎರಡೂ ತುದಿಗೆ ಮೊಣಕಾಲುದ್ದದ ಕಾಲುವೆ ತೋಡಿಸಿ, ಕಲ್ಲು ಪೇರಿಸಿ, ಕೆಂಪು ಬಟ್ಟೆ ಕಟ್ಟಿಸಿದರು. ಲಾರಿಗಳೆಲ್ಲ ಹಳೆಯ ಮೊಣಕೈಯಲ್ಲೇ ನಿಂತು, ಹಿಂದೆ ಮುಂದೆ ಮಾಡಿಕೊಂಡು ಹೋದವು. ಜನ ಏರಿ ಹತ್ತಿ ದಾಟಿದರು. ಅವರು ಇಡೀ ದಿನ ಅಲ್ಲೇ ನಿಂತಿದ್ದರು.

ನಾಲ್ಕು ದಿನ ಹಾಗಿತ್ತು. ಐದನೆಯ ದಿನ ಇಂಜಿನಿಯರ್ ಸಾಹೇಬರು ಕಾಲುವೆ ಮುಚ್ಚಿಸಿ ತಿರುವು ತೆರೆಸಿದರು. ಓವರ್ಸಿಯರನ್ನು ಸಸ್ಪೆಂಡ್ ಮಾಡಿದರು.

ವಿಚಾರಣೆ ಚಿಕ್ಕಬಳ್ಳಾಪುರದಲ್ಲಿ ಅಂತ ನಿಗದಿಯಾಯಿತು. ಹಿಂದಿನ ದಿನ ಓವರ್ಸಿಯರು ನಮ್ಮ ಮನೆಗೆ ಬಂದಿದ್ದರು. ಜಗಲಿಯ ಮೇಲೆ ಕೂರಲಿಲ್ಲ. "ನಿಮ್ಮನ್ನ ಸಾಕ್ಷಿಗೆ ಕರೀತಾರೆ. ನನ್ನೊಬ್ಬನ ಮಾತು ಅವರು ನಂಬಲ್ಲ. ನಡೆದಿದ್ದು ನಡೆದ ಹಾಗೆ ಹೇಳಿಬಿಡಿ. ಗಾಡಿಜಾಡು ಹಾಕಲಾ ಅಂತ ಕೇಳಿದೆ, ಇವನು ಬೇಡ ಅಂದ ಅಂತ. ನನ್ನ ಕೆಲಸ ಹೋಗುತ್ತೆ, ಹೋಗ್ಲಿ. ನಕ್ಷೇಲಿ ತಪ್ಪಿತ್ತು ಅಂತ ಕಾಗದದ ಮೇಲೆ ಬಂದ್ರೆ ಅವರು ತಿರುವನ್ನ ಬದಲಾಯಿಸ್ಲೇಬೇಕಾಗುತ್ತೆ. ಬೇರೆ ದಾರಿ ಇಲ್ಲ."

"ಆಗ್ಲಿ ಸಾರ್" ಅಂದೆ.

ಮರುದಿನ ಒಳಗೆ ಕರೆಯುವ ಮುಂಚೆ ಇಂಜಿನಿಯರ್ ಸಾಹೇಬರು ನನ್ನನ್ನು ವರಾಂಡದ ಮೂಲೆಗೆ ಕರೆದರು. ಬೈಯಲಿಲ್ಲ, ಹೆದರಿಸಲೂ ಇಲ್ಲ. ಹೆಗಲ ಮೇಲೆ ಕೈ ಇಟ್ಟರು. "ಅವನಿಗೆ ತಲೆ ಕೆಟ್ಟಿದೆಯಪ್ಪ. ತಾನು ಮುಳುಗೋದಲ್ದೆ ನಿನ್ನನ್ನೂ ಎಳೀತಿದಾನೆ. ಗೆರೆ ಬಿಟ್ಟ ಕೈ ಯಾರದು? ನಿಂದೇ ತಾನೇ? ಮಕ್ಕಳೆಷ್ಟು ನಿನಗೆ?"

"ಎರಡು ಸಾರ್."

"ನೆನಪಿಲ್ಲ ಅನ್ನು. ಅದೇನು ಸುಳ್ಳಲ್ಲ. ಯಾರಿಗೆ ಎಲ್ಲಾ ನೆನಪಿರುತ್ತೆ?"

ಒಳಗೆ ಮೂವರು ಅಧಿಕಾರಿಗಳು ಕೂತಿದ್ದರು. ಓವರ್ಸಿಯರು ಗೋಡೆಯ ಪಕ್ಕ ನಿಂತಿದ್ದರು. ಅವರಿಗೆ ಕುರ್ಚಿ ಕೊಟ್ಟಿರಲಿಲ್ಲ. ನಕ್ಷೆ ಮಾಡುವಾಗ ಗಾಡಿಜಾಡಿನ ವಿಷಯ ನಿಮ್ಮಿಬ್ಬರ ನಡುವೆ ಬಂದಿತ್ತೇ ಅಂತ ಕೇಳಿದರು. ನಾನು ಮೇಜಿನ ಮೇಲಿನ ಮಸಿ ಕುಡಿಕೆಯನ್ನು ನೋಡುತ್ತಾ "ನೆನಪಿಲ್ಲ ಸ್ವಾಮಿ" ಅಂದೆ.

"ಸರಿಯಾಗಿ ಯೋಚನೆ ಮಾಡಿ ಹೇಳಿ."

"ನೆನಪಿಲ್ಲ."

ನಾನು ಗೋಡೆಯ ಕಡೆ ತಿರುಗಲಿಲ್ಲ.

ತಿರುವು ಸರಿಯಾಗಿದೆ, ಓವರ್ಸಿಯರ ಮನಸ್ಸು ಸ್ತಿಮಿತದಲ್ಲಿಲ್ಲ ಎಂದು ಬರೆದು ಅವರನ್ನು ಮನೆಗೆ ಕಳಿಸಿದರು. ಬುದ್ಧಿ ಕೆಟ್ಟವನು ಅಂತ ಒಮ್ಮೆ ಸರ್ಕಾರಿ ಕಾಗದದಲ್ಲಿ ಬಂದ ಮೇಲೆ ಇನ್ನೆಲ್ಲೂ ಅವರಿಗೆ ಕೆಲಸ ಸಿಗಲಿಲ್ಲ. ಅವರು ಮದುವೆಯಾಗಿರಲಿಲ್ಲ. ತಂಗಿಯನ್ನು ಗೌರಿಬಿದನೂರಿನ ಹತ್ತಿರ ಮಂಚೇನಹಳ್ಳಿಗೆ ಕೊಟ್ಟಿತ್ತು, ಅಲ್ಲಿಗೆ ಹೋದರು. ಹೊರಡುವ ಮುಂಚೆ ಕಚೇರಿಗೆ ಬಂದು ತಮ್ಮ ಅಳತೆಪಟ್ಟಿ, ಕೈವಾರ ಎಲ್ಲ ಒಪ್ಪಿಸಿದರು. ನನ್ನ ಮೇಜಿನ ಹತ್ತಿರ ಒಂದು ಗಳಿಗೆ ನಿಂತರು. "ಮಕ್ಕಳು ಚೆನ್ನಾಗಿದಾರಾ?" ಅಂತ ಕೇಳಿದರು. ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ನಾನು ಸ್ವಲ್ಪ ನಿದ್ದೆ ಮಾಡುತ್ತಿದ್ದೆನೇನೋ.

ಎರಡು ವರ್ಷದ ಮೇಲೆ ಅದೇ ಏರಿಯ ತಲೆಯಲ್ಲಿ, ಚಿಂತಾಮಣಿಗೆ ಸೊಪ್ಪು ಮಾರಲು ಹೊರಟಿದ್ದ ಇಬ್ಬರು ಹೆಂಗಸರ ಮೇಲೆ ಬಸ್ಸು ಹರಿಯಿತು. ಈ ಸಲ ಊರಿನವರು ಸುಮ್ಮನಿರಲಿಲ್ಲ. ರಸ್ತೆಗೆ ಅಡ್ಡ ಕೂತರು. ಬೆಂಗಳೂರಿನಿಂದ ಜನ ಬಂದರು. ಹಳೆಯ ಸರ್ವೆ ನಕ್ಷೆ ಹೊರಗೆ ಬಂತು. ನಮ್ಮ ಸಾಹೇಬರು ಆಗಲೇ ಬೇರೆ ಊರಿಗೆ ಹೋಗಿಯಾಗಿತ್ತು. ಕೊನೆಗೆ ತಿರುವಿನ ರಸ್ತೆಯನ್ನು ಇನ್ನಷ್ಟು ಎತ್ತರಿಸಿ, ಕೆಳಗೆ ಕಲ್ಲಿನ ಕಮಾನು ಕಟ್ಟಿ, ಗಾಡಿಜಾಡನ್ನು ಅದರೊಳಗಿಂದ ದಾಟಿಸಿದರು. ಲಾರಿ ಮೇಲೆ, ಗಾಡಿ ಕೆಳಗೆ. ಆ ನಕ್ಷೆಯನ್ನು ಬಟ್ಟೆಗೆ ಇಳಿಸಿದವನೂ ನಾನೇ. ಗಾಡಿಜಾಡಿನ ಜೋಡಿಗೆರೆಯನ್ನು ಎಳೆಯುವಾಗ ಮಸಿ ಚೆಲ್ಲಿತು, ಎರಡು ಸಲ ಬಟ್ಟೆ ಬದಲಾಯಿಸಿದೆ.

ಕಮಾನು ಮುಗಿದ ವಾರ ನಾನು ಮಂಚೇನಹಳ್ಳಿಗೆ ಹೋದೆ. ಈ ಸುದ್ದಿ ಕೇಳಿದರೆ ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ನನಗೂ ಆದೀತು ಅಂದುಕೊಂಡಿದ್ದೆ.

ಅವರ ತಂಗಿ ಬಾಗಿಲಿಗೆ ಬಂದು, "ಅಣ್ಣ ಮಲ್ಕೊಂಡಿದಾನೆ, ಹುಷಾರಿಲ್ಲ, ಬನ್ನಿ" ಅಂದರು. ಓವರ್ಸಿಯರಿಗೆ ಇನ್ನೂ ಐವತ್ತಾಗಿರಲಿಲ್ಲ, ಎಪ್ಪತ್ತರ ಮುದುಕನ ಹಾಗಿದ್ದರು. ಎದೆಯಲ್ಲಿ ಕಫ. ನನ್ನ ಗುರುತು ಹಿಡಿದರು, ಎದ್ದು ಕೂರಲು ನೋಡಿದರು. ನಾನು ನಕ್ಷೆಯ ಒಂದು ಪ್ರತಿ ತಂದಿದ್ದೆ. ಹಾಸಿಗೆಯ ಮೇಲೆ ಬಿಡಿಸಿ ತೋರಿಸಿದೆ. "ನೋಡಿ ಸಾರ್, ಇಲ್ಲಿ ಕಮಾನು. ಈಗ ಯಾರೂ ಯಾರಿಗೂ ನಿಲ್ಲಬೇಕಾಗಿಲ್ಲ. ನೀವು ಹೇಳ್ತಿದ್ದ ಹಾಗೇ ಆಯ್ತು."

ಅವರು ಬಹಳ ಹೊತ್ತು ನೋಡಿದರು. ಬೆರಳು ಗಾಡಿಜಾಡಿನ ಮೇಲೆ ಆ ತುದಿಯಿಂದ ಈ ತುದಿಗೆ ಹೋಯಿತು.

"ಎಷ್ಟು ಜನ ಆದ ಮೇಲೆ?" ಅಂತ ಕೇಳಿದರು.

"ಇಬ್ಬರು ಸಾರ್. ಹೆಂಗಸರು."

"ಹೆಸರು?"

ನನಗೆ ಗೊತ್ತಿರಲಿಲ್ಲ. ಕಡತದಲ್ಲಿ ಇದ್ದೇ ಇರುತ್ತದೆ, ನಾನು ತೆಗೆದು ನೋಡಿರಲಿಲ್ಲ.

ಅವರು ನಕ್ಷೆಯನ್ನು ನಿಧಾನವಾಗಿ ಸುತ್ತಿ ನನ್ನ ಕೈಗೆ ಕೊಟ್ಟರು. "ತಿಳ್ಕೊಂಡು ಬನ್ನಿ" ಅಂದರು. "ಕಾಗದದಲ್ಲಿ ನೋಡ್ಕೊಂಡು ಬರಬೇಡಿ. ಮನೆಗೆ ಹೋಗಿ ಕೇಳಿ."

ಹೋದೆ. ಒಬ್ಬಾಕೆಗೆ ಯಾರೂ ಇರಲಿಲ್ಲ, ಪಕ್ಕದ ಮನೆಯವರು ಹೆಸರು ಹೇಳಿದರು. ಇನ್ನೊಬ್ಬಾಕೆಯ ಗಂಡ ಇದ್ದ. ಹಗ್ಗ ಹೊಸೆಯುತ್ತಾ ಕೂತಿದ್ದವನು ಹೆಂಡತಿಯ ಹೆಸರು ಹೇಳಿ, "ಯಾಕೆ ಕೇಳ್ತೀರಿ ಸ್ವಾಮಿ?" ಅಂದ. ಏನಾದರೂ ಪರಿಹಾರ ಬಂದಿರಬಹುದೆಂದು ಅವನ ಮುಖದಲ್ಲಿ ಆಸೆ ಮೂಡಿತ್ತು. ನಾನು ಹೇಳಿದೆ. ಚಿಕ್ಕಬಳ್ಳಾಪುರದಲ್ಲಿ ಒಂದು ಮಾತು ಕೇಳಿದ್ದರು, ನೆನಪಿದ್ದರೂ ನೆನಪಿಲ್ಲ ಅಂದೆ, ಇದೆ ಅಂದಿದ್ದರೆ ಆ ರಸ್ತೆ ಎರಡು ವರ್ಷ ಮುಂಚೆಯೇ ಸರಿಯಾಗುತ್ತಿತ್ತು ಅಂತ. ಅವನಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿಸಿದ. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಯಿತು. ಕೇಳಿಸಿಕೊಂಡು ಹಗ್ಗವನ್ನು ಕೆಳಗಿಟ್ಟು ಒಳಗೆ ಹೋದ. ಬಾಗಿಲು ಹಾಕಿಕೊಂಡ. ನಾನು ಅಂಗಳದಲ್ಲಿ ಕಾದೆ. ಅವನು ಬರಲಿಲ್ಲ.

ಮಂಚೇನಹಳ್ಳಿಗೆ ಮತ್ತೆ ಹೋಗಿ ಎರಡೂ ಹೆಸರು ಹೇಳಿದೆ. ಬಾಗಿಲು ಹಾಕಿಕೊಂಡದ್ದನ್ನೂ ಹೇಳಿದೆ. ಅವರು ಆ ಹೆಸರುಗಳನ್ನು ಬಾಯಲ್ಲೇ ಒಂದೊಂದು ಸಲ ಅಂದುಕೊಂಡರು. ಕೆಮ್ಮು ಬಂದು, ನಿಂತು, ಉಸಿರು ಸಿಕ್ಕಿದ ಮೇಲೆ ಕೇಳಿದರು.

"ಮತ್ತೆ ಹೋಗ್ತೀರಾ ಅಲ್ಲಿಗೆ?"

"ಹೋಗ್ತೀನಿ ಸಾರ್" ಅಂದೆ.

ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನು ನೌಕರಿ ಮುಗಿಸಿ ಮನೆಯಲ್ಲಿ ಕೂತು ಎಷ್ಟೋ ಕಾಲವಾಯಿತು. ಆ ಹಗ್ಗ ಹೊಸೆಯುತ್ತಿದ್ದವನ ಹಳ್ಳಿ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನಿನ್ನೂ ಹೋಗಿಲ್ಲ.